ತೆತುವಾನ್‌ನಿಂದ ಭುವನೇಶ್ವರದವರೆಗೆ: ಕೋಚ್ ಹಿಂದೆ ಹೊರಟ ಆಟಗಾರರು

(ಬೆಂಗಳೂರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತು ಇದು. ಕೇಳಲು ಬಂದವರಲ್ಲಿ ಹೆಚ್ಚಿನವರು ಫುಟ್‌ಬಾಲ್ ಆಡುವ ಹುಡುಗ ಹುಡುಗಿಯರು, ಅವರ ಅಪ್ಪ ಅಮ್ಮಂದಿರು. ಹಿಂದಿನ ಸಾಲಿನಲ್ಲಿ ಕೆಲವು ಹಳೆಯ ಆಟಗಾರರೂ ಇದ್ದರು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಮಾತು ಸರಿಮಾಡಿದ್ದೇನೆ, ಅಷ್ಟೇ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಊರಿನ ಹೆಸರು ಹೇಳುತ್ತೇನೆ. ತೆತುವಾನ್. ಮೊರಾಕ್ಕೊ ದೇಶದ ಉತ್ತರ ಭಾಗದಲ್ಲಿದೆ. ಅಲ್ಲಿ ಮೊಘ್ರೆಬ್ ತೆತುವಾನ್ ಅಂತ ಒಂದು ಕ್ಲಬ್ ಇದೆ. ನಮ್ಮಲ್ಲಿ ಆ ಹೆಸರು ಕೇಳಿದವರು ಕಡಿಮೆ. ಆದರೆ ನಮ್ಮ ದೇಶದ ಫುಟ್‌ಬಾಲ್ ಲೀಗ್ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ನೋಡಿ ಖುಷಿಪಟ್ಟ ನಮಗೆಲ್ಲ ಆ ಕ್ಲಬ್ಬಿನ ಋಣ ಇದೆ. ಸ್ಪೇನ್‌ನ ಕೋಚ್ ಸರ್ಜಿಯೊ ಲೊಬೆರಾ ಗೋವಾಕ್ಕೆ ಬರುವ ಮುಂಚೆ ಅಲ್ಲಿ ಕೆಲಸ ಮಾಡಿದ್ದರು. ಅಹ್ಮದ್ ಜಾಹೂ, ಮುರ್ತಾದಾ ಫಾಲ್, ಹ್ಯೂಗೊ ಬುಮು, ಈ ಮೂವರೂ ಒಂದಲ್ಲ ಒಂದು ಕಾಲದಲ್ಲಿ ಆ ಕ್ಲಬ್ಬಿನ ಜೆರ್ಸಿ ಹಾಕಿದವರು.

2017ರಲ್ಲಿ ಲೊಬೆರಾ ಎಫ್‌ಸಿ ಗೋವಾ ಸೇರಿದರು. ಅದೇ ವರ್ಷ ಜಾಹೂ ಬಂದರು. 2018ರಲ್ಲಿ ಬುಮು ಬಂದರು, ಫಾಲ್ ಬಂದರು. 2020ರಲ್ಲಿ ಲೊಬೆರಾ ಮುಂಬೈ ಸಿಟಿಗೆ ಹೋದರು. ಮೂವರೂ ಮುಂಬೈಗೆ ಹೋದರು. 2023ರಲ್ಲಿ ಲೊಬೆರಾ ಒಡಿಶಾ ಎಫ್‌ಸಿ ಸೇರಿದರು. ಜಾಹೂ ಮತ್ತು ಫಾಲ್ ಗಂಟುಮೂಟೆ ಕಟ್ಟಿಕೊಂಡು ಭುವನೇಶ್ವರಕ್ಕೆ ಹೊರಟರು. ನಡುವೆ ಮೋಹನ್ ಬಾಗಾನ್‌ಗೆ ಹೋಗಿದ್ದ ಬುಮು ಕೂಡ 2024ರಲ್ಲಿ ಅಲ್ಲಿಗೇ ಬಂದು ಸೇರಿಕೊಂಡರು.

ಒಬ್ಬ ಕೋಚ್, ಮೂವರು ಆಟಗಾರರು, ಎರಡು ಖಂಡ. ನಾನು ಇವತ್ತು ಮಾತಾಡಬೇಕು ಅಂದುಕೊಂಡಿರುವುದು ಇದರ ಬಗ್ಗೆ. ಆಟಗಾರ ಯಾಕೆ ತನ್ನ ಹಳೆಯ ಕೋಚ್ ಹಿಂದೆ ಹೋಗುತ್ತಾನೆ? ಕೋಚ್ ಯಾಕೆ ಅವನನ್ನೇ ಕರೆಯುತ್ತಾರೆ? ಇದರಲ್ಲಿ ಯಾರಿಗೆ ಎಷ್ಟು ಲಾಭ, ಯಾರಿಗೆ ಎಷ್ಟು ಅಪಾಯ?

ಪತ್ರಿಕೆಗಳು ಇದಕ್ಕೆ ಸಾಮಾನ್ಯವಾಗಿ ನಿಷ್ಠೆ ಅನ್ನುವ ಹೆಸರು ಕೊಡುತ್ತವೆ. ನಿಷ್ಠೆ ಇರಬಹುದು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ವಿಷಯ ಅರ್ಥ ಆಗುವುದಿಲ್ಲ. ನನಗೆ ಕಂಡಿದ್ದು ಬೇರೆ. ಒಬ್ಬ ಕೋಚ್ ಬಳಿ ಮೂರು ವರ್ಷ ಆಡಿದವನ ಕಾಲಿನಲ್ಲಿ ಆ ಕೋಚ್‌ನ ಯೋಚನೆ ಕೂತುಬಿಟ್ಟಿರುತ್ತದೆ. ಅದಕ್ಕೆ ಬೆಲೆ ಇದೆ. ಆ ಬೆಲೆ ಆಟಗಾರನಿಗೂ ಗೊತ್ತಿರಬೇಕು.

ಮೊದಲು ಫ್ರೀ ಏಜೆಂಟ್ ಅಂದರೇನು ಅಂತ ಹೇಳಿಬಿಡುತ್ತೇನೆ. ಕ್ಲಬ್ ಜೊತೆ ಕಾಂಟ್ರ್ಯಾಕ್ಟ್ ಮುಗಿದ ಆಟಗಾರ ಫ್ರೀ ಏಜೆಂಟ್. ಅವನು ಯಾವ ಕ್ಲಬ್ಬಿಗೆ ಬೇಕಾದರೂ ಹೋಗಬಹುದು. ಹಳೆಯ ಕ್ಲಬ್ಬಿಗೆ ಹೊಸ ಕ್ಲಬ್ ವರ್ಗಾವಣೆಯ ಹಣ ಕೊಡಬೇಕಿಲ್ಲ. ಕಾಂಟ್ರ್ಯಾಕ್ಟಿನ ಕೊನೆಯ ಆರು ತಿಂಗಳಲ್ಲೇ ಬೇರೆ ಕ್ಲಬ್ ಜೊತೆ ಮಾತಾಡಿ ಸಹಿ ಹಾಕುವುದಕ್ಕೂ ಫಿಫಾ ನಿಯಮ ಬಿಡುತ್ತದೆ.

ಇದು ಸುಮ್ನೆ ಬಂದ ಹಕ್ಕಲ್ಲ. ಬೆಲ್ಜಿಯಂನಲ್ಲಿ ಜಾನ್ ಮಾರ್ಕ್ ಬಾಸ್ಮನ್ ಅಂತ ಒಬ್ಬ ಆಟಗಾರ ಇದ್ದರು. ದೊಡ್ಡ ಹೆಸರೇನೂ ಅಲ್ಲ. 1990ರಲ್ಲಿ ಆರ್‌ಎಫ್‌ಸಿ ಲೀಜ್ ಜೊತೆ ಅವರ ಕಾಂಟ್ರ್ಯಾಕ್ಟ್ ಮುಗಿಯಿತು. ಫ್ರಾನ್ಸ್‌ನ ಡಂಕರ್ಕ್ ಕ್ಲಬ್ಬಿಗೆ ಹೋಗಲು ಅವರು ತಯಾರಿದ್ದರು. ಆದರೆ ಕಾಂಟ್ರ್ಯಾಕ್ಟ್ ಮುಗಿದಿದ್ದರೂ ಲೀಜ್ ಹಣ ಕೇಳಿತು. ಹೋಗಲು ಬಿಡಲಿಲ್ಲ, ಇಲ್ಲಿ ಕೊಡುವ ಸಂಬಳವನ್ನೂ ಕಡಿಮೆ ಮಾಡಿತು. ಬಾಸ್ಮನ್ ಕೋರ್ಟ್ ಮೆಟ್ಟಿಲು ಹತ್ತಿದರು. ಐದು ವರ್ಷ ಕೇಸು ನಡೆಯಿತು. 1995ರ ಡಿಸೆಂಬರ್ 15ರಂದು ಯೂರೋಪಿನ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ಅಷ್ಟು ಹೊತ್ತಿಗೆ ಅವರ ಆಟದ ವಯಸ್ಸು ಕಳೆದುಹೋಗಿತ್ತು. ಅವರು ಬಿತ್ತಿದ್ದನ್ನು ಬೇರೆಯವರು ಕೊಯ್ದರು. ಇವತ್ತು ಕೋಟಿಗಟ್ಟಲೆ ಸಂಬಳಕ್ಕೆ ಸಹಿ ಹಾಕುವ ಪ್ರತಿಯೊಬ್ಬ ಫ್ರೀ ಏಜೆಂಟ್ ಹಿಂದೆ ಆ ಮನುಷ್ಯನ ಐದು ವರ್ಷ ಇದೆ. ಅದನ್ನು ನಾವು ಮರೆಯಬಾರದು.

ನಮ್ಮ ಬೆಂಗಳೂರಿನಲ್ಲಿ ಹಿಂದೆ ಈ ಮಾತೇ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿರುವ ಹಿರಿಯರಿಗೆ ಇದು ಚೆನ್ನಾಗಿ ಗೊತ್ತು. ಎಚ್‌ಎಎಲ್, ಐಟಿಐ ಅಂಥ ಕಾರ್ಖಾನೆಗಳ ತಂಡದಲ್ಲಿ ಜಾಗ ಸಿಗುವುದು ಅಂದರೆ ನೌಕರಿ ಸಿಗುವುದು. ಬೆಳಿಗ್ಗೆ ಪ್ರಾಕ್ಟೀಸ್, ಆಮೇಲೆ ಡ್ಯೂಟಿ. ಪಿಎಫ್ ಇತ್ತು, ಪಿಂಚಣಿಯ ಭರವಸೆ ಇತ್ತು. ಕೋಚ್ ಬದಲಾದರೂ ಆಟಗಾರ ಕದಲುತ್ತಿರಲಿಲ್ಲ. ಯಾಕೆ ಕದಲಬೇಕು? ಅನ್ನ ಕೊಡುತ್ತಿದ್ದದ್ದು ಕಾರ್ಖಾನೆ. ಆ ಕಾಲದಲ್ಲಿ ಎಷ್ಟೋ ಕುಟುಂಬಗಳು ಚೆಂಡಿನಿಂದಲೇ ಉದ್ಧಾರ ಆದವು. ಈಗ ಆ ಭದ್ರತೆ ಇಲ್ಲ. ಎರಡು ವರ್ಷದ ಕಾಂಟ್ರ್ಯಾಕ್ಟ್, ಒಂದು ವರ್ಷದ ಕಾಂಟ್ರ್ಯಾಕ್ಟ್. ಹೀಗಿರುವಾಗ ಆಟಗಾರ ಯಾರನ್ನು ನಂಬುತ್ತಾನೆ? ತನ್ನ ಆಟ ಗೊತ್ತಿರುವ ಮನುಷ್ಯನನ್ನು. ಆ ಮನುಷ್ಯ ಫೋನ್ ಮಾಡಿದರೆ ಹೋಗುತ್ತಾನೆ.

ಈಗ ಕೋಚ್ ಕಡೆಯಿಂದ ನೋಡೋಣ.

ಹೊಸ ತಂಡಕ್ಕೆ ಬಂದ ಕೋಚ್‌ಗೆ ಸಮಯ ಇರುವುದಿಲ್ಲ. ಆರು ವಾರ ಪ್ರಾಕ್ಟೀಸ್, ಆಮೇಲೆ ಪಂದ್ಯ. ಐದು ಪಂದ್ಯ ಸೋತರೆ ಗ್ಯಾಲರಿಯಲ್ಲಿ ಗಲಾಟೆ ಶುರು. ಲೊಬೆರಾ ಆಡಿಸುವ ಆಟ ಹಿಂದಿನಿಂದ ಕಟ್ಟುವ ಆಟ. ಗೋಲಿ ಚೆಂಡನ್ನು ಉದ್ದಕ್ಕೆ ಒದ್ದು ಕೈತೊಳೆದುಕೊಳ್ಳುವುದಿಲ್ಲ. ಪಕ್ಕದ ಡಿಫೆಂಡರ್‌ಗೆ ಕೊಡುತ್ತಾನೆ. ಅವನು ನಡುವಿನಲ್ಲಿರುವ ಜಾಹೂಗೆ ಕೊಡುತ್ತಾನೆ. ಅಲ್ಲಿಂದ ಆಟ ಶುರು. ಬೆನ್ನ ಹಿಂದೆ ಎದುರಾಳಿ ಓಡಿ ಬರುತ್ತಿರುವಾಗ ಚೆಂಡು ಕೇಳಲು ಧೈರ್ಯ ಬೇಕು. ಅದಕ್ಕಿಂತ ಜಾಸ್ತಿ ಅಭ್ಯಾಸ ಬೇಕು. ನಾಲ್ಕು ಹೆಜ್ಜೆ ಆಚೆ ಯಾರು ನಿಂತಿರುತ್ತಾರೆ ಅಂತ ನೋಡದೆಯೇ ಗೊತ್ತಿರಬೇಕು.

ಇದನ್ನು ಬೋರ್ಡಿನ ಮೇಲೆ ಬರೆದು ಹೇಳಬಹುದು. ಹುಡುಗರು ತಲೆ ಆಡಿಸುತ್ತಾರೆ. ಮೈದಾನಕ್ಕೆ ಇಳಿದ ಮೇಲೆ ಒತ್ತಡ ಬಂದಾಗ ಹಳೆಯ ಅಭ್ಯಾಸವೇ ಹೊರಗೆ ಬರುತ್ತದೆ. ಚೆಂಡನ್ನು ಎತ್ತಿ ಒದೆಯುತ್ತಾರೆ. ಆಗ ಪಕ್ಕದಲ್ಲಿ ಒಬ್ಬ ಜಾಹೂ ಇದ್ದರೆ, 'ಇಲ್ಲಿ ಕೊಡು, ನಾನಿದ್ದೇನೆ' ಅಂತ ಕೈ ತೋರಿಸುತ್ತಾರೆ. ಕೋಚ್ ಹತ್ತು ಸಲ ಹೇಳುವುದನ್ನು ಆ ಒಂದು ಕೈಸನ್ನೆ ಹೇಳುತ್ತದೆ. ಡ್ರೆಸ್ಸಿಂಗ್ ರೂಮಿನಲ್ಲೂ ಹಾಗೆಯೇ. ಕೋಚ್ ಬೈದಾಗ ಹೊಸಬರು ಮುಖ ಸಪ್ಪೆ ಮಾಡಿಕೊಂಡು ಕೂರುತ್ತಾರೆ. ಇವರ ಬೈಗುಳ ಯಾವಾಗ ಗಂಭೀರ, ಯಾವಾಗ ಅಲ್ಲ ಅಂತ ಹಳಬನಿಗೆ ಗೊತ್ತು. ಅವನು ಪಕ್ಕದಲ್ಲಿ ಕೂತು ಸಮಾಧಾನ ಹೇಳುತ್ತಾನೆ. ಕೋಚ್ ಮತ್ತು ಹೊಸ ಹುಡುಗರ ನಡುವೆ ಅವನು ದುಭಾಷಿ.

ಕೋಚ್ ತನ್ನ ಹಳೆಯ ಆಟಗಾರನನ್ನು ಕರೆಸಿಕೊಳ್ಳುವುದು ಅಂದರೆ ಸಮಯವನ್ನು ಕೊಂಡುಕೊಳ್ಳುವುದು. ನಾನು ಇದನ್ನು ಹೀಗೇ ನೋಡುತ್ತೇನೆ.

ಮುಂಬೈಗೆ ಹೋದವರು ಆ ಮೂವರೇ ಅಲ್ಲ. ಮಂದಾರ್ ರಾವ್ ದೇಸಾಯಿ ಕೂಡ ಹೋದರು. ಅವರ ಕಥೆ ನನಗೆ ಹೆಚ್ಚು ಹತ್ತಿರ. ಅವರು ಗೋವಾದವರೇ. 2014ರಲ್ಲಿ ಎಫ್‌ಸಿ ಗೋವಾ ಹುಟ್ಟಿದಾಗಿನಿಂದ ಅಲ್ಲೇ ಇದ್ದವರು. ಮುಂದೆ ವಿಂಗರ್ ಆಗಿ ಓಡುತ್ತಿದ್ದ ಅವರನ್ನು ಲೊಬೆರಾ ಹಿಂದೆ ಲೆಫ್ಟ್ ಬ್ಯಾಕ್ ಜಾಗಕ್ಕೆ ತಂದರು. ಇಪ್ಪತ್ತೈದು ದಾಟಿದ ಆಟಗಾರನಿಗೆ ಜಾಗ ಬದಲಿಸು ಅನ್ನುವುದು ಸಣ್ಣ ಮಾತಲ್ಲ. ಗೋಲು ಹೊಡೆಯುವ ಆಸೆ ಬಿಡಬೇಕು. ಚಪ್ಪಾಳೆ ಕಡಿಮೆ ಆಗುತ್ತದೆ. ತಪ್ಪು ಮಾಡಿದರೆ ಮಾತ್ರ ಹೆಸರು ಬರುತ್ತದೆ. ಆದರೆ ಆ ಬದಲಾವಣೆಯಿಂದ ಅವರ ಆಟದ ಆಯುಸ್ಸು ಬೆಳೆಯಿತು. ಅವರೊಳಗೆ ಒಬ್ಬ ಡಿಫೆಂಡರ್ ಇದ್ದಾನೆ ಅಂತ ಆ ಕೋಚ್‌ಗೆ ಕಂಡಿತು. ನಮ್ಮಲ್ಲಿ ನಮಗೇ ಕಾಣದ್ದನ್ನು ಕಂಡವರು ಕರೆದರೆ ಹೋಗದೆ ಇರುವುದು ಕಷ್ಟ.

ಈ ನಾಲ್ವರೂ ಒಂದೇ ದಾರಿಯಲ್ಲಿ ಬಂದವರಲ್ಲ ಅನ್ನುವುದನ್ನೂ ಹೇಳಬೇಕು. ಬುಮು ಫ್ರೀ ಏಜೆಂಟ್ ಆಗಿರಲಿಲ್ಲ. ಹಿಂದಿನ ಸೀಸನ್‌ನಲ್ಲಿ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಗೆದ್ದವರು ಅವರು. ಬಿಡಿಸಿಕೊಳ್ಳಲು ಹಣ ಕಟ್ಟಬೇಕಾಯಿತು. ಒಂದೇ ಕೋಚ್ ಹಿಂದೆ ಹೋದರೂ ಒಬ್ಬೊಬ್ಬರ ಕಾಗದ ಪತ್ರ ಒಂದೊಂದು ಥರ ಇರುತ್ತದೆ.

ಆಮೇಲೆ ನಡೆದದ್ದು ನಿಮಗೆ ಗೊತ್ತಿರಬಹುದು. 2020-21ರ ಸೀಸನ್ ಕೋವಿಡ್ ಕಾಲದ್ದು. ಎಲ್ಲ ಪಂದ್ಯಗಳೂ ಗೋವಾದಲ್ಲೇ ನಡೆದವು. ಗ್ಯಾಲರಿ ಖಾಲಿ. ಟಿವಿಯಲ್ಲಿ ನೋಡುವಾಗ ಆಟಗಾರರು ಕೂಗುವುದು, ಕೋಚ್ ಕಿರುಚುವುದು ಎಲ್ಲ ಕೇಳಿಸುತ್ತಿತ್ತು. ಸೆಮಿಫೈನಲ್‌ನಲ್ಲಿ ಮುಂಬೈಗೆ ಎದುರಾಗಿದ್ದು ಯಾರು? ಎಫ್‌ಸಿ ಗೋವಾ. ಮೊದಲ ಪಂದ್ಯ 2-2. ಎರಡನೆಯದು 0-0. ಪೆನಾಲ್ಟಿಯಲ್ಲಿ ಮುಂಬೈ 6-5ರಿಂದ ಗೆದ್ದಿತು. ನಿನ್ನೆವರೆಗೆ ಒಂದೇ ಬಸ್ಸಿನಲ್ಲಿ ಓಡಾಡಿದವರು ಅವತ್ತು ಎದುರುಬದುರು ನಿಂತಿದ್ದರು. ಆ ರಾತ್ರಿ ನನಗೆ ಗೆದ್ದವರ ಬಗ್ಗೆ ಖುಷಿಪಡುವುದಕ್ಕಿಂತ ಸೋತವರ ಬಗ್ಗೆ ಸಂಕಟವೇ ಜಾಸ್ತಿ ಆಯಿತು.

ಮಾರ್ಚ್ 13, 2021. ಫಾತೋರ್ಡಾದಲ್ಲಿ ಫೈನಲ್. ಎದುರಿಗೆ ಎಟಿಕೆ ಮೋಹನ್ ಬಾಗಾನ್. ಈ ಪಂದ್ಯವನ್ನು ನಾನು ಕೋಚ್ ಮಾಡುವ ಹುಡುಗರಿಗೆ ಮತ್ತೆ ಮತ್ತೆ ತೋರಿಸಿದ್ದೇನೆ. 18ನೇ ನಿಮಿಷ. ಜಾಹೂ ತಮ್ಮ ಗೋಲಿನ ಹತ್ತಿರವೇ ಚೆಂಡು ಇಟ್ಟುಕೊಂಡು ಒಂದು ಕ್ಷಣ ತಡ ಮಾಡಿದರು. ರಾಯ್ ಕೃಷ್ಣ ಕಿತ್ತುಕೊಂಡರು. ಡೇವಿಡ್ ವಿಲಿಯಮ್ಸ್ ಗೋಲು ಹೊಡೆದರು. ಎಲ್ಲರೂ ನೋಡುವಂಥ ಪಂದ್ಯದಲ್ಲಿ, ಎಲ್ಲರಿಗೂ ಕಾಣುವಂಥ ತಪ್ಪು. ಬೇರೆ ಯಾರೇ ಆಗಿದ್ದರೂ ಆಮೇಲೆ ಚೆಂಡು ಕೇಳಲು ಹಿಂಜರಿಯುತ್ತಿದ್ದರು. ಜಾಹೂ ಹಿಂಜರಿಯಲಿಲ್ಲ. ಮತ್ತೆ ಅದೇ ಜಾಗದಲ್ಲಿ ನಿಂತರು, ಮತ್ತೆ ಚೆಂಡು ಕೇಳಿದರು. 29ನೇ ನಿಮಿಷದಲ್ಲಿ ಬಿಪಿನ್ ಸಿಂಗ್ ಕಡೆಗೆ ಒಂದು ಉದ್ದನೆಯ ಪಾಸ್ ಕಳಿಸಿದರು. ಅದನ್ನು ತಡೆಯಲು ಹೋದ ಟಿರಿ ತಲೆಗೆ ತಾಗಿ ಚೆಂಡು ಅವರದೇ ಗೋಲಿನೊಳಗೆ ಹೋಯಿತು. 1-1. 90ನೇ ನಿಮಿಷದಲ್ಲಿ ಬಿಪಿನ್ ಗೋಲು. ಮುಂಬೈ 2-1. ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆದವರಿಗೆ ಸಿಗುವ ಲೀಗ್ ಶೀಲ್ಡ್ ಆಗಲೇ ಅವರ ಕೈಯಲ್ಲಿತ್ತು, ಈಗ ಕಪ್ ಕೂಡ ಬಂತು.

18ಕ್ಕೂ 29ಕ್ಕೂ ನಡುವಿನ ಆ ಹನ್ನೊಂದು ನಿಮಿಷ ನೋಡಿ ಅಂತ ನಾನು ಹುಡುಗರಿಗೆ ಹೇಳುತ್ತೇನೆ. 'ಈ ತಪ್ಪಿಗೆ ನನ್ನನ್ನು ಹೊರಗೆ ಕರೆಯುವುದಿಲ್ಲ' ಅಂತ ಆಟಗಾರನಿಗೆ ಗೊತ್ತಿದ್ದರೆ ಅವನ ಆಟ ಹೇಗಿರುತ್ತದೆ ಅನ್ನುವುದು ಅಲ್ಲಿ ಕಾಣುತ್ತದೆ. ಹಳೆಯ ಕೋಚ್ ಕೊಡುವುದು ಇದನ್ನೇ. ಎರಡು ವರ್ಷದ ಹಿಂದೆ, 2019ರ ಮಾರ್ಚ್ 17ರಂದು, ನಮ್ಮ ಬೆಂಗಳೂರು ಎಫ್‌ಸಿ ವಿರುದ್ಧದ ಫೈನಲ್‌ನಲ್ಲಿ ಇದೇ ಜಾಹೂ ಎಕ್ಸ್‌ಟ್ರಾ ಟೈಮ್‌ನಲ್ಲಿ ರೆಡ್ ಕಾರ್ಡ್ ತಗೊಂಡು ಹೊರಗೆ ಹೋಗಿದ್ದರು. ಆಮೇಲೆ ರಾಹುಲ್ ಭೇಕೆ ಹೆಡರ್‌ನಿಂದ ನಾವು ಗೆದ್ದೆವು. ಅವತ್ತು ನಾವು ಕುಣಿದೆವು. ಲೊಬೆರಾ ಮಾತ್ರ ಆ ಆಟಗಾರನನ್ನು ಕೈಬಿಡಲಿಲ್ಲ. ಮುಂದಿನ ಊರಿಗೂ ಕರೆದುಕೊಂಡು ಹೋದರು.

ಇಲ್ಲಿ ಇನ್ನೊಂದು ಮಾತು ಸೇರಿಸಬೇಕು. 2021ರಲ್ಲಿ ಲೊಬೆರಾ ಚೀನಾದ ಕ್ಲಬ್ಬಿಗೆ ಹೋದರು. ಜಾಹೂ, ಫಾಲ್ ಹೋಗಲಿಲ್ಲ. ಮುಂಬೈಯಲ್ಲೇ ಉಳಿದರು. ಡೆಸ್ ಬಕಿಂಗ್‌ಹ್ಯಾಮ್ ಅನ್ನುವ ಹೊಸ ಕೋಚ್ ಕೆಳಗೆ ಆಡಿ 2022-23ರಲ್ಲಿ ಮತ್ತೆ ಲೀಗ್ ಶೀಲ್ಡ್ ಗೆದ್ದರು. ಇದು ಬಹಳ ಮುಖ್ಯ. ಆ ಕೋಚ್ ಇಲ್ಲದೆಯೂ ಅವರು ನಿಂತರು. ಹಾಗೆ ನಿಂತು ತೋರಿಸಿದ ಮೇಲೆ ಮತ್ತೆ ಅವರ ಬಳಿಗೆ ಹೋಗಿದ್ದಕ್ಕೆ ಬೇರೆಯೇ ತೂಕ ಇದೆ.

ಅಮೆರಿಕದವರು ಫುಟ್‌ಬಾಲ್ ಅಂತ ಕರೆಯುವ ಆಟ ಬೇರೆ. ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ. ಅಲ್ಲೂ ಈ ಪದ್ಧತಿ ಬಹಳ ಗಟ್ಟಿ. ಬಿಲ್ ಪಾರ್ಸೆಲ್ಸ್ ಅಂತ ಒಬ್ಬ ದೊಡ್ಡ ಕೋಚ್ 1997ರಲ್ಲಿ ನ್ಯೂ ಇಂಗ್ಲೆಂಡ್ ತಂಡ ಬಿಡುವಾಗ ಹೇಳಿದ ಮಾತು ಅಲ್ಲಿ ಗಾದೆಯೇ ಆಗಿದೆ. ಅಡುಗೆ ನಾನು ಮಾಡಬೇಕು ಅಂದರೆ ದಿನಸಿ ತರುವುದಕ್ಕೂ ಸ್ವಲ್ಪ ನನ್ನನ್ನು ಬಿಡಿ ಅನ್ನುವ ಅರ್ಥದ ಮಾತು. ನಮ್ಮ ಮನೆಗಳಲ್ಲಿ ಅಡುಗೆ ಮಾಡುವ ಯಾರಿಗಾದರೂ ಇದು ಥಟ್ಟನೆ ಅರ್ಥ ಆಗುತ್ತದೆ, ಅಲ್ವಾ? ಪರಿಚಯದ ಅಂಗಡಿಯ ಬೇಳೆ ಎಷ್ಟು ಹೊತ್ತಿಗೆ ಬೇಯುತ್ತದೆ ಅಂತ ಗೊತ್ತಿರುತ್ತದೆ. 2024ರಲ್ಲಿ ಡ್ಯಾನ್ ಕ್ವಿನ್ ಅನ್ನುವ ಕೋಚ್ ವಾಷಿಂಗ್ಟನ್ ತಂಡಕ್ಕೆ ಬಂದಾಗ ಡಲ್ಲಾಸ್‌ನಲ್ಲಿ ತಮ್ಮ ಜೊತೆ ಇದ್ದ ಡೊರೆನ್ಸ್ ಆರ್ಮ್‌ಸ್ಟ್ರಾಂಗ್, ಡಾಂಟೆ ಫೌಲರ್ ಇವರನ್ನೆಲ್ಲ ಫ್ರೀ ಏಜೆಂಟ್‌ಗಳಾಗಿ ಕರೆಸಿಕೊಂಡರು. ಹತ್ತು ವರ್ಷದ ಹಿಂದೆ ಸಿಯಾಟಲ್‌ನಲ್ಲಿ ಜೊತೆಗಿದ್ದ ಬಾಬಿ ವ್ಯಾಗ್ನರ್ ಕೂಡ ಬಂದರು. ಫೌಲರ್ ಅಂತೂ ಅಟ್ಲಾಂಟಾ, ಡಲ್ಲಾಸ್, ವಾಷಿಂಗ್ಟನ್, ಹೀಗೆ ಮೂರು ಊರಿನಲ್ಲಿ ಅದೇ ಕೋಚ್ ಕೆಳಗೆ ಆಡಿದವರು. ಹಿಂದಿನ ವರ್ಷ 17 ಪಂದ್ಯದಲ್ಲಿ 4 ಗೆದ್ದಿದ್ದ ತಂಡ ಆ ವರ್ಷ 12 ಗೆದ್ದಿತು. ಅದಕ್ಕೆ ಹೊಸ ಹುಡುಗ ಜೇಡನ್ ಡೇನಿಯಲ್ಸ್ ದೊಡ್ಡ ಕಾರಣ ನಿಜ. ಆದರೆ ಮನೆಗೆ ಗೋಡೆ ಕಟ್ಟಿದವರು ಈ ಹಳಬರು.

ಯೂರೋಪಿನಲ್ಲಿ ಜೋಸೆ ಮೊರಿನ್ಯೊ ಇದಕ್ಕೆ ಹೆಸರುವಾಸಿ. 2016ರಲ್ಲಿ ಅವರು ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದಾಗ ಇಂಟರ್‌ನಲ್ಲಿ ತಮ್ಮ ಜೊತೆ ಆಡಿದ್ದ ಝ್ಲಾಟಾನ್ ಇಬ್ರಾಹಿಮೋವಿಚ್ ಫ್ರೀ ಏಜೆಂಟ್ ಆಗಿ ಬಂದರು. ವಯಸ್ಸು 34. ಆ ಸೀಸನ್‌ನಲ್ಲಿ 28 ಗೋಲು. ಲೀಗ್ ಕಪ್ ಫೈನಲ್‌ನಲ್ಲೇ ಎರಡು. ನೆಮಾನ್ಯಾ ಮಾಟಿಚ್ ಚೆಲ್ಸಿಯಲ್ಲಿ, ಯುನೈಟೆಡ್‌ನಲ್ಲಿ, ಕೊನೆಗೆ 2022ರಲ್ಲಿ ಫ್ರೀ ಏಜೆಂಟ್ ಆಗಿ ರೋಮಾದಲ್ಲಿ, ಮೂರು ಸಲ ಮೊರಿನ್ಯೊ ಕೈಕೆಳಗೆ ಆಡಿದರು.

ಎಲ್ಲ ಕಥೆಗಳೂ ಹೀಗೆ ಸುಖವಾಗಿ ಮುಗಿಯುವುದಿಲ್ಲ. ಗೊನ್ಸಾಲೊ ಇಗ್ವಾಯಿನ್ ನೆನಪಿದೆಯಾ? 2015-16ರಲ್ಲಿ ನಾಪೊಲಿಯಲ್ಲಿ ಮೌರಿಝಿಯೊ ಸಾರಿ ಕೋಚ್ ಆಗಿದ್ದಾಗ ಒಂದೇ ಲೀಗ್ ಸೀಸನ್‌ನಲ್ಲಿ 36 ಗೋಲು ಹೊಡೆದರು. 2019ರ ಜನವರಿಯಲ್ಲಿ ಅದೇ ಸಾರಿ ಅವರನ್ನು ಲೋನ್ ಮೇಲೆ, ಅಂದರೆ ಸ್ವಲ್ಪ ಕಾಲಕ್ಕೆ ಎರವಲಾಗಿ, ಚೆಲ್ಸಿಗೆ ಕರೆಸಿಕೊಂಡರು. 14 ಲೀಗ್ ಪಂದ್ಯದಲ್ಲಿ 5 ಗೋಲು. ಕೋಚ್ ಅದೇ, ಆಟದ ಪದ್ಧತಿ ಅದೇ. ಕಾಲು ಮಾತ್ರ ಮೂರು ವರ್ಷ ಹಳೆಯದಾಗಿತ್ತು. ಕೋಚ್‌ನ ಮನಸ್ಸಿನಲ್ಲಿ ಇರುವುದು ಆಟಗಾರನ ಒಳ್ಳೆಯ ದಿನಗಳ ಚಿತ್ರ. ಅದು ಮಾಸುವುದಿಲ್ಲ. ಮೈ ಮಾಸುತ್ತದೆ.

ಅದೇ ಚೆಲ್ಸಿಗೆ ನಾಪೊಲಿಯಿಂದ ಸಾರಿ ಹಿಂದೆ ಬಂದ ಇನ್ನೊಬ್ಬರು ಜೊರ್ಜಿನ್ಯೊ. ಫ್ರೀ ಏಜೆಂಟ್ ಅಲ್ಲ, ದೊಡ್ಡ ಬೆಲೆ ಕೊಟ್ಟು ತಂದವರು. ಆದರೂ ಅವರ ಕಥೆ ಹೇಳದೆ ಇರಲಾರೆ. ತಂಡ ಸೋತಾಗ ತಮ್ಮದೇ ಅಭಿಮಾನಿಗಳು ಅವರನ್ನು ಕಂಡರೆ ಗೇಲಿ ಮಾಡುತ್ತಿದ್ದರು. ಕೋಚ್ ಮೇಲಿನ ಸಿಟ್ಟು ಕೋಚ್ ಕರೆತಂದವನ ಮೇಲೆ ತೀರುತ್ತದೆ. ಒಂದೇ ವರ್ಷಕ್ಕೆ ಸಾರಿ ಯುವೆಂಟಸ್‌ಗೆ ಹೋದರು. ಜೊರ್ಜಿನ್ಯೊ ಉಳಿದರು. ಕರೆತಂದವರು ಹೋದ ಮೇಲೆ ಆ ಮನೆಯಲ್ಲಿ ಇರುವುದು ಹೇಗಿರುತ್ತದೆ, ಊಹಿಸಿ. ಅವರು ಹೊಸ ಕೋಚ್‌ಗಳ ಕೆಳಗೆ ಮತ್ತೆ ತಮ್ಮ ಜಾಗ ಸಂಪಾದಿಸಿದರು. 2021ರಲ್ಲಿ ಚೆಲ್ಸಿ ಜೊತೆ ಚಾಂಪಿಯನ್ಸ್ ಲೀಗ್, ಇಟಲಿ ಜೊತೆ ಯೂರೋ ಕಪ್, ಎರಡನ್ನೂ ಗೆದ್ದರು.

ಈಗ ನನ್ನ ಒಂದು ಅನುಭವ ಹೇಳುತ್ತೇನೆ. ಆಗ ನನಗೆ 22 ವರ್ಷ. ಇಲ್ಲೇ ಜಿಲ್ಲಾ ಲೀಗ್‌ನಲ್ಲಿ ಲೆಫ್ಟ್ ಬ್ಯಾಕ್ ಆಡುತ್ತಿದ್ದೆ. ಅಶೋಕನಗರದ ಸ್ಟೇಡಿಯಂ ಹತ್ತಿರ ಟೀ ಕುಡಿಯುತ್ತಾ ನಿಂತಿದ್ದೆ. ಕೈಯಲ್ಲಿ ಬೂಟಿನ ಪ್ಲಾಸ್ಟಿಕ್ ಕವರ್. ನನ್ನ ಕೋಚ್ ಬಂದರು. 'ಹೊಸ ಟೀಮ್ ತಗೊಂಡಿದ್ದೀನಿ ಕಣೋ. ನೀನೂ ಬಾ. ಲೆಫ್ಟ್ ಬ್ಯಾಕ್ ನಿಂದೇ' ಅಂದರು. ನಾನು 'ಆಯ್ತು ಸರ್' ಅಂದೆ. ಅಷ್ಟೇ ಮಾತು. ಟೀ ಆರುವ ಮುಂಚೆ ನನ್ನ ಒಂದು ವರ್ಷ ತೀರ್ಮಾನ ಆಗಿತ್ತು.

ಮೂರು ತಿಂಗಳಿಗೆ ಅವರಿಗೂ ಆ ಕ್ಲಬ್ಬಿನವರಿಗೂ ಸರಿಹೋಗಲಿಲ್ಲ. ಅವರು ಬಿಟ್ಟುಹೋದರು. ಹೊಸದಾಗಿ ಬಂದ ಕೋಚ್ ತಮ್ಮದೇ ಲೆಫ್ಟ್ ಬ್ಯಾಕ್ ಕರೆದುಕೊಂಡು ಬಂದರು. ನಾನು ಬೆಂಚಿಗೆ ಹೋದೆ. ಬೇರೆ ತಂಡಕ್ಕೆ ಹೋಗುತ್ತೇನೆ ಅಂದರೆ ಕ್ಲಬ್ಬಿನವರು ಬಿಡುಗಡೆ ಪತ್ರ ಕೊಡಲಿಲ್ಲ. ಆ ಸೀಸನ್ ಪೂರ್ತಿ ಟ್ರ್ಯಾಕ್‌ಸೂಟ್ ಬಿಚ್ಚಲೇ ಇಲ್ಲ. ನನ್ನ ಕೋಚ್ ಮೇಲೆ ನನಗೆ ಇವತ್ತಿಗೂ ಪ್ರೀತಿ ಇದೆ. ಅವರು ಸುಳ್ಳು ಹೇಳಲಿಲ್ಲ. ಕೇಳಬೇಕಾದ ಒಂದು ಪ್ರಶ್ನೆಯನ್ನು ನಾನು ಕೇಳಲಿಲ್ಲ. 'ಸರ್, ಅಲ್ಲಿ ನಿಮ್ಮ ಕಾಂಟ್ರ್ಯಾಕ್ಟ್ ಎಷ್ಟು ದಿನದ್ದು?'

ಕೋಚ್ ಹಿಂದೆ ಹೋಗುವ ಫ್ರೀ ಏಜೆಂಟ್ ಮೊದಲು ಕೇಳಬೇಕಾದದ್ದು ಸಂಬಳ ಎಷ್ಟು ಅಂತ ಅಲ್ಲ. ಇದನ್ನು. ಕೋಚ್‌ಗಳ ಕೆಲಸ ಬೇಗ ಹೋಗುತ್ತದೆ. 2020ರಲ್ಲಿ ಗೋವಾ ಲೊಬೆರಾ ಅವರನ್ನು ಕೈಬಿಟ್ಟಾಗ ತಂಡ ಚೆನ್ನಾಗಿಯೇ ಆಡುತ್ತಿತ್ತು. ಅದೇ ಸೀಸನ್‌ನಲ್ಲಿ ಆ ತಂಡ ಲೀಗ್ ಶೀಲ್ಡ್ ಕೂಡ ಗೆದ್ದಿತು. ಗೆಲ್ಲುವ ಕೋಚ್‌ಗೇ ಹೀಗಾದರೆ ಸೋಲುವವರ ಕಥೆ ಹೇಳಬೇಕಾ? ಕೋಚ್ ಮುಂದಿನ ಊರಿಗೆ ಹೋಗುತ್ತಾರೆ. ನಿಮ್ಮ ಸಹಿ ಮಾತ್ರ ಹಳೆಯ ಊರಿನ ಕಾಗದದ ಮೇಲೆ ಉಳಿಯುತ್ತದೆ.

ಒಡಿಶಾ ಕಥೆ ಏನಾಯಿತು ಅಂತ ಕೇಳಬಹುದು. 2023-24ರಲ್ಲಿ ಚೆನ್ನಾಗಿ ಆಡಿದರು. ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ಮೋಹನ್ ಬಾಗಾನ್‌ನ 2-1ರಿಂದ ಸೋಲಿಸಿ, ಎರಡನೆಯದರಲ್ಲಿ 0-2ರಿಂದ ಸೋತರು. ಮುಂದಿನ ಸೀಸನ್‌ನಲ್ಲಿ ಬುಮು ಕೂಡ ಬಂದ ಮೇಲೆ ಮೂವರೂ ಮತ್ತೆ ಒಂದಾದರು. ಆದರೆ ತಂಡ ಪ್ಲೇಆಫ್ ಕೂಡ ಮುಟ್ಟಲಿಲ್ಲ. ಆ ಹೊತ್ತಿಗೆ ಫಾಲ್, ಜಾಹೂ ಇಬ್ಬರಿಗೂ 36 ದಾಟಿತ್ತು.

ನಮ್ಮ ಬೆಂಗಳೂರಿಗೆ ಸೇರಿದ ಒಂದು ಎಳೆಯೂ ಇದೆ. 2018-19ರಲ್ಲಿ ನಮಗೆ ಕಪ್ ಗೆದ್ದುಕೊಟ್ಟ ಕಾರ್ಲೆಸ್ ಕ್ವಾದ್ರಾತ್ 2023ರಲ್ಲಿ ಈಸ್ಟ್ ಬೆಂಗಾಲ್ ಕೋಚ್ ಆದರು. ಇಲ್ಲಿ ಅವರ ಜೊತೆ ಆಡಿದ್ದ ಹರ್ಮನ್‌ಜೋತ್ ಖಾಬ್ರಾ ಆ ವರ್ಷವೇ ಅಲ್ಲಿಗೆ ಹೋದರು. ಹಿಂದೆ ಬೆಂಗಳೂರಿನಲ್ಲಿದ್ದ ಕ್ಲೈಟನ್ ಸಿಲ್ವಾ ಮಾತ್ರ ಒಂದು ವರ್ಷ ಮುಂಚೆಯೇ ಈಸ್ಟ್ ಬೆಂಗಾಲ್‌ನಲ್ಲಿ ಇದ್ದರು. ಅಲ್ಲಿ ಆಟಗಾರನ ಹಿಂದೆ ಕೋಚ್ ಬಂದ ಹಾಗಾಯಿತು. 2024ರ ಜನವರಿ 28ರಂದು ಭುವನೇಶ್ವರದಲ್ಲಿ ಸೂಪರ್ ಕಪ್ ಫೈನಲ್. ಒಂದು ಕಡೆ ಕ್ವಾದ್ರಾತ್, ಇನ್ನೊಂದು ಕಡೆ ಲೊಬೆರಾ. ಎರಡೂ ಕಡೆ ಅವರವರ ಹಳೆಯ ಬಳಗ. ಎಕ್ಸ್‌ಟ್ರಾ ಟೈಮ್‌ನಲ್ಲಿ ಕ್ಲೈಟನ್ ಹೊಡೆದ ಗೋಲಿನಿಂದ ಈಸ್ಟ್ ಬೆಂಗಾಲ್ 3-2ರಿಂದ ಗೆದ್ದಿತು. ಹನ್ನೆರಡು ವರ್ಷ ದೊಡ್ಡ ಕಪ್ ಇಲ್ಲದೆ ಕಾದಿದ್ದ ಕ್ಲಬ್ ಅದು.

ಇದರಲ್ಲಿ ನನಗೆ ಬೇಜಾರಿನ ವಿಷಯವೂ ಒಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಕೋಚ್ ತನ್ನವರನ್ನು ಕರೆತಂದಾಗ ಯಾರದೋ ಜಾಗ ಹೋಗುತ್ತದೆ. ನಮ್ಮ ಬೆಂಗಳೂರಿನ ವಿಘ್ನೇಶ್ ದಕ್ಷಿಣಾಮೂರ್ತಿ 2020-21ರಲ್ಲಿ ಮುಂಬೈ ತಂಡದಲ್ಲೇ ಇದ್ದರು. ಅವರೂ ಲೆಫ್ಟ್ ಬ್ಯಾಕ್. ದೇಸಾಯಿ ಬಂದಿದ್ದೂ ಅದೇ ಜಾಗಕ್ಕೆ. ಸ್ಪರ್ಧೆ ಇರಬೇಕು, ಅದರಿಂದಲೇ ಆಟ ಬೆಳೆಯುವುದು. ಆದರೆ ಕೋಚ್ ಆದವರು ತಮ್ಮ ಹಳೆಯ ಹುಡುಗನಿಗೆ ಕೊಡುವ ಎರಡನೇ ಅವಕಾಶವನ್ನು ಹೊಸ ಹುಡುಗನಿಗೂ ಕೊಡಬೇಕು. ಜಾಹೂಗೆ ಸಿಕ್ಕ ಆ ಹನ್ನೊಂದು ನಿಮಿಷ ಹತ್ತೊಂಬತ್ತು ವರ್ಷದ ಹುಡುಗನಿಗೂ ಸಿಗಬೇಕು. ನಾನೂ ಕೋಚ್, ಅದಕ್ಕೇ ಇದನ್ನು ನನಗೂ ಸೇರಿಸಿಯೇ ಹೇಳುತ್ತಿದ್ದೇನೆ.

2025ರ ಜುಲೈಯಲ್ಲಿ ಐಎಸ್‌ಎಲ್ ತಡೆಹಿಡಿದಾಗ ಎಷ್ಟೋ ಆಟಗಾರರಿಗೆ ಮುಂದೇನು ಅಂತ ತಿಳಿಯಲಿಲ್ಲ. ಲೀಗ್ ನಡೆಯುತ್ತದೋ ಇಲ್ಲವೋ ಗೊತ್ತಿಲ್ಲದೆ ಮನೆಯಲ್ಲಿ ಕೂತರು. ಅಂಥ ಹೊತ್ತಿನಲ್ಲಿ ಹಳೆಯ ಕೋಚ್‌ನ ಒಂದು ಫೋನ್ ಕರೆ ಎಷ್ಟು ದೊಡ್ಡದು ಅಂತ ಯೋಚಿಸಿ. ಅದೇ ವರ್ಷ ನವೆಂಬರ್‌ನಲ್ಲಿ ಲೊಬೆರಾ ಮೋಹನ್ ಬಾಗಾನ್ ಸೇರಿದರು. ತೆತುವಾನ್‌ನಿಂದ ಹೊರಟ ದಾರಿ ಕೋಲ್ಕತ್ತಾಗೂ ಮುಟ್ಟಿತು.

ನನ್ನ ಮಾತು ಇಲ್ಲಿಗೆ ನಿಲ್ಲಿಸಿದೆ. ಪ್ರಶ್ನೆ ಇದ್ದರೆ ಕೇಳಿ ಅಂದೆ. ಎರಡನೇ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ. ಹದಿನಾಲ್ಕು ಇರಬಹುದು.

'ಸರ್, ನಮ್ಮ ಕೋಚ್ ಬೇರೆ ಅಕಾಡೆಮಿಗೆ ಹೋಗ್ತಿದ್ದಾರೆ. ನನ್ನನ್ನೂ ಬಾ ಅಂದಿದ್ದಾರೆ. ಹೋಗ್ಲಾ?'

ಪಕ್ಕದಲ್ಲಿ ಕೂತಿದ್ದ ಅವನ ಅಮ್ಮ, 'ಎರಡು ಬಸ್ ಬದಲಾಯಿಸ್ಬೇಕು ಸರ್' ಅಂದರು.

'ಯಾವ ಜಾಗದಲ್ಲಿ ಆಡ್ತೀಯಪ್ಪಾ?' ಅಂತ ಕೇಳಿದೆ.

'ಲೆಫ್ಟ್ ಬ್ಯಾಕ್ ಸರ್. ಮುಂಚೆ ಫಾರ್ವರ್ಡ್ ಆಡ್ತಿದ್ದೆ. ಕೋಚ್ ಸರ್ ಹಿಂದೆ ಹಾಕಿದ್ರು.'

'ಆಗ ಬೇಜಾರಾಯ್ತಾ?'

'ಒಂದು ತಿಂಗಳು ಆಯ್ತು.'

'ಈಗ?'

'ಈಗ ಮುಂದೆ ಆಡು ಅಂದ್ರೂ ಆಡಲ್ಲ ಸರ್.'

ಅವನಿಗೆ ಎರಡು ಕೆಲಸ ಹೇಳಿದೆ. ಈಗಿನ ಅಕಾಡೆಮಿಯವರು ಸಿಆರ್‌ಎಸ್‌ನಲ್ಲಿ (ಆಟಗಾರರನ್ನು ನೋಂದಾಯಿಸುವ ಭಾರತ ಫುಟ್‌ಬಾಲ್ ಫೆಡರೇಶನ್‌ನ ಆನ್‌ಲೈನ್ ವ್ಯವಸ್ಥೆ) ಅವನ ಹೆಸರು ಎಲ್ಲಿಯವರೆಗೆ ನೋಂದಾಯಿಸಿದ್ದಾರೆ ಅಂತ ಕೇಳಬೇಕು, ಬಿಡುಗಡೆ ಕೊಡುತ್ತಾರಾ ಅಂತಲೂ ಕೇಳಬೇಕು. ಆಮೇಲೆ ಕೋಚ್ ಹತ್ತಿರ ಹೋಗಿ, ಹೊಸ ಅಕಾಡೆಮಿಯಲ್ಲಿ ಅವರು ಎಷ್ಟು ವರ್ಷ ಇರುತ್ತಾರೆ ಅಂತ ಕೇಳಬೇಕು.

'ಅವರಿಗೆ ಬೇಜಾರಾಗಲ್ವಾ ಸರ್?' ಅಂದ.

'ಆಗಲ್ಲ. ಕೇಳು' ಅಂದೆ.

ಅವನು ಅಮ್ಮನ ಬ್ಯಾಗಿನಿಂದ ಪೆನ್ನು ತೆಗೆದು, ಎರಡೂ ಪ್ರಶ್ನೆಗಳನ್ನು ಅಂಗೈ ಮೇಲೆ ಬರೆದುಕೊಂಡ.